ಸೂತಕದಲ್ಲಿ ಕಾದ ಎಣ್ಣೆ

ನಮ್ಮ ಮನೆಯ ಹಿಂದಿನ ಗುಡ್ಡದ ಬುಡದಲ್ಲಿ ತಗಡಿನ ಮಾಡಿನ ಒಂದು ಶೆಡ್ಡು ಇದೆ. ಪಂಚಾಯತಿನ ಅನುದಾನದಲ್ಲಿ ಕಟ್ಟಿದ್ದು. ಅದರೊಳಗೆ ಒಂದು ಬೆಳಿಗ್ಗೆ ಬಾಣಲೆಯಲ್ಲಿ ಎಣ್ಣೆ ಕಾಯಿತು, ಹಲಸಿನ ಹಪ್ಪಳ ಉಬ್ಬಿತು, ಜಿಲ್ಲಾ ಕೇಂದ್ರದಿಂದ ಬಂದ ಅಧಿಕಾರಿಗಳು ತಿಂದರು. ಇಷ್ಟರಲ್ಲಿ ಯಾರಿಗೂ ಸಂಶಯವಿಲ್ಲ. ಆ ಹಪ್ಪಳವನ್ನು ಎಣ್ಣೆಗೆ ಬಿಟ್ಟ ಕೈ ಯಾರದು ಎಂಬುದಷ್ಟೇ ಪ್ರಶ್ನೆ. ನಾನು ಅಲ್ಲೇ ಇದ್ದೆ. ನನಗೆ ಗೊತ್ತಿರಬೇಕಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದವನು. ಹಳ್ಳಿಗಳ ಅಭಿವೃದ್ಧಿಗೆಂದು ಬರುವ ಅನುದಾನಗಳು ಕೊನೆಗೆ ತುಕ್ಕು ಹಿಡಿದ ಯಂತ್ರಗಳನ್ನು ಬಿಟ್ಟು ಹೋಗುತ್ತವೆ ಎಂದು ಸಾಧಿಸಲು ಒಂದು ಪ್ರಬಂಧ ಶುರು ಮಾಡಿ ಅರ್ಧಕ್ಕೆ ಬಿಟ್ಟವನು. ಆಮೇಲೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ, ಅದನ್ನೂ ಬಿಟ್ಟೆ. ಯಾವುದೋ ಸಮೀಕ್ಷೆಗೆ ಮನೆಮನೆ ತಿರುಗಿದೆ. ಈಗ ಬದಿಯಡ್ಕದಲ್ಲಿ ಒಂದು ಕೋಣೆ, ಟ್ಯುಟೋರಿಯಲ್ ಕಾಲೇಜಿನಲ್ಲಿ ಪಾಠ, ವಾರದ ಕೊನೆಗೆ ಪೆರ್ಲದ ಬಸ್ಸು ಹಿಡಿದು ಮನೆ. ಒಂದೇ ಕಡೆ ಕೂತರೆ ನನಗೆ ಏನೋ ತಪ್ಪಿಹೋಗುತ್ತಿದೆ ಅನಿಸುತ್ತದೆ. ಎಲ್ಲಿ ಹೋದರೂ ಹಾಗೇ ಅನಿಸುವುದರಿಂದ ಈಗೀಗ ಅದನ್ನು ಯಾರಿಗೂ ಹೇಳುವುದಿಲ್ಲ.

ಅಂಥವನ ಬಳಿ ಅಕ್ಕ ಒಂದು ಭಾನುವಾರ ಅರ್ಜಿ ಹಿಡಿದುಕೊಂಡು ಬಂದಳು. ಅವಳು ನನ್ನ ದೊಡ್ಡಮ್ಮನ ಮಗಳು. ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟದ ಅಡುಗೆ ಅವಳದಾಗಿತ್ತು. ಭಾವ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾರೆ, ಮಳೆಗಾಲ ಬಂತೆಂದರೆ ಆ ಕೆಲಸ ನಿಲ್ಲುತ್ತದೆ. ಹೆಂಗಸರು ಹತ್ತು ಮಂದಿ ಸೇರಿ ಕೂಟ ಮಾಡಿಕೊಂಡರೆ ಆಹಾರ ತಯಾರಿಸುವ ಘಟಕಕ್ಕೆ ಶೆಡ್ಡು, ಯಂತ್ರ ಎರಡೂ ಸಿಗುತ್ತವೆ ಎಂದು ಗ್ರಾಮಸಭೆಯಲ್ಲಿ ಹೇಳಿದ್ದರಂತೆ.

"ನೀನು ಇಷ್ಟು ದಿನ ಬರೆದದ್ದು ಎಲ್ಲ ಆಗ್ಲಿಕ್ಕಿಲ್ಲ ಅಂತಲೇ ಅಲ್ವಾ? ಒಂದು ಸಲ ಆಗ್ತದೆ ಅಂತ ಬರೆದು ನೋಡು," ಎಂದಳು.

"ಎಂತ ಮಾಡ್ತೀರಿ ನೀವು?"

"ಹಪ್ಪಳ. ಮತ್ತೆಂತ, ವಿಮಾನ ಮಾಡ್ಲಿಕ್ಕೆ ಬರ್ತದಾ ನಮಗೆ?"

ಹಪ್ಪಳವನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಲಸು ಬಲಿಯುವ ಹೊತ್ತಿಗೆ ನಮ್ಮ ಕಡೆ ಹೆಂಗಸರು ಸರದಿಯಲ್ಲಿ ಮನೆಮನೆಗೆ ಹೋಗುತ್ತಾರೆ. ಇವತ್ತು ಈ ಮನೆಯ ಹಲಸು, ನಾಳೆ ಆ ಮನೆಯದು. ಒಬ್ಬರು ಕಾಯಿಯೊಳಗಿನ ಸೊಳೆ ಬಿಡಿಸುತ್ತಾರೆ, ಒಬ್ಬರು ಬೇಯಿಸುತ್ತಾರೆ, ಒಬ್ಬರು ಗುದ್ದುತ್ತಾರೆ, ಉಳಿದವರು ಉಂಡೆ ಕಟ್ಟಿ ಒತ್ತುತ್ತಾರೆ. ಚಾಪೆಯ ಮೇಲೆ ಒಣಗುವ ಹಪ್ಪಳವನ್ನು ಕೋಳಿಯಿಂದ ಕಾಯುವುದು ಮುದುಕಿಯರ ಕೆಲಸ. ಇದನ್ನೇ ಒಂದೇ ಜಾಗದಲ್ಲಿ ಮಾರಾಟಕ್ಕೆಂದು ಮಾಡಿದರೆ ಆಯಿತು ಎನ್ನುವುದು ಅಕ್ಕನ ಲೆಕ್ಕಾಚಾರ. ನನಗೆ ನಂಬಿಕೆ ಇರಲಿಲ್ಲ. ಆದರೂ ಬರೆದೆ. ನಾನು ಬರೆದ ಯೋಜನಾ ವರದಿ ಚೆನ್ನಾಗಿಯೇ ಇತ್ತು, ಅದರ ಒಂದು ವಾಕ್ಯವನ್ನೂ ನಾನು ನಂಬಿರಲಿಲ್ಲ ಅಷ್ಟೆ.

ಹೆಸರು ಕೂಡಿಸುವ ದಿನ ಅಕ್ಕನ ಅಂಗಳದಲ್ಲಿ ನಡೆದ ಗಲಾಟೆ ಚೆನ್ನಾಗಿ ನೆನಪಿದೆ. ಅಥವಾ ಅಲ್ಲಿನ ನಗು ನೆನಪಿದೆ.

"ಮಿಷನ್ ಬಂದ್ರೆ ಗುದ್ದುದು ಅದು, ಒತ್ತುದು ಅದು. ನಾವು ಎಂತ ಮಾಡುದು, ಕೂತು ಮಾತಾಡುದಾ?" ಎಂದು ಒಬ್ಬ ಚಿಕ್ಕಮ್ಮ ಕೇಳಿದ್ದರು.

"ಮಾತಾಡ್ಲಿಕ್ಕೂ ಸಬ್ಸಿಡಿ ಉಂಟಾ ಕೇಳು ಮಾರಾಯ. ಉಂಟಾದ್ರೆ ನಮ್ಮ ಚಿಕ್ಕಮ್ಮ ಒಬ್ಬರೇ ಸಾಕು, ಹತ್ತು ಜನ ಬೇಡ," ಎಂದಿದ್ದಳು ಅಕ್ಕ.

ಹತ್ತರಲ್ಲಿ ಒಂಬತ್ತು ಹೆಸರು ಬೇಗನೆ ಆಯಿತು. ನಮ್ಮದು ತುಳು ಮನೆಮಾತಿನ ಕುಟುಂಬ, ತಾಯಿಯ ಕಡೆಯಿಂದ ವಂಶ ಎಣಿಸುವವರು. ತರವಾಡು ಮನೆ ಎಂದರೆ ಎಲ್ಲರಿಗೂ ಮೂಲವಾದ ಮನೆ. ಅದರ ಜಾಗ ಪಾಲಾದಾಗ ಅಕ್ಕತಂಗಿಯರಿಗೆ, ಅವರ ಹೆಣ್ಣುಮಕ್ಕಳಿಗೆ ಒತ್ತಿಗೆ ಒತ್ತಿ ಜಾಗ ಸಿಕ್ಕಿತು. ಹಾಗಾಗಿ ನಮ್ಮ ಗುಡ್ಡದಲ್ಲಿ ನೆರೆಹೊರೆ ಎಂದರೆ ಒಂದೇ ತರವಾಡು. ಹತ್ತನೆಯವರು ಮಾತ್ರ ಹೊರಗಿನವರು, ಕೆಳಗಿನ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು. ಹಪ್ಪಳದ ಸರದಿಗೆ ಅವರು ನಾನು ಹುಟ್ಟುವ ಮೊದಲಿನಿಂದಲೂ ಬರುತ್ತಿದ್ದರಂತೆ. ನಾನು ಅವರನ್ನೂ ಅಕ್ಕ ಎಂದೇ ಕರೆಯುವುದು. ಗೊಂದಲವಾಗದಿರಲೆಂದು ಇಲ್ಲಿ ಕೆಳಗಿನ ಮನೆಯವರು ಎನ್ನುತ್ತೇನೆ.

ಒಂಬತ್ತು ಮಂದಿ ಒಂದೇ ತರವಾಡಿನವರಾದರೆ ಏನಾಗಬಹುದು ಎಂದು ಆವತ್ತು ಯಾರಿಗೂ ಹೊಳೆಯಲಿಲ್ಲ. ಅರ್ಜಿಯಲ್ಲಿ ಜಾತಿ ಕೇಳಿದ್ದರು, ಆಧಾರ್ ಕೇಳಿದ್ದರು, ಬ್ಯಾಂಕಿನ ವಿವರ ಕೇಳಿದ್ದರು. ತರವಾಡು ಯಾವುದೆಂದು ಕೇಳಿರಲಿಲ್ಲ. ಕೇಳಿದ್ದರೆ ನಾನು ಅದನ್ನು ಜಾತಿಯ ಇನ್ನೊಂದು ಕಾಟ ಎಂದುಕೊಳ್ಳುತ್ತಿದ್ದೆ.

ಅನುದಾನ ಬಂತು. ಅದು ನನಗೆ ಮೊದಲ ಆಶ್ಚರ್ಯ. ಘಟಕದ ಸೆಕ್ರೆಟರಿ ಪೂರ್ತಿ ಹೊತ್ತು ಇರಬೇಕೆಂದು ನಿಯಮವಿತ್ತು. ಅಕ್ಕ ಶಾಲೆಯ ಅಡುಗೆ ಬಿಟ್ಟಳು. ಅವಳು ಬಿಟ್ಟ ವಾರದಲ್ಲೇ ಆ ಕೆಲಸಕ್ಕೆ ಬೇರೊಬ್ಬರು ಬಂದರು. "ಹಿಂದೆ ಹೋಗ್ಲಿಕ್ಕೆ ಇನ್ನು ದಾರಿ ಇಲ್ಲ," ಎಂದು ನಗುತ್ತಾ ಹೇಳಿದಳು. ನಗುತ್ತಾ ಹೇಳಿದಳು ಎಂದು ನನ್ನ ನೆನಪು. ಭಾವನನ್ನು ಕೇಳಿದರೆ ಆ ಸಂಜೆ ಅವಳು ಊಟ ಮಾಡಲಿಲ್ಲ ಎನ್ನುತ್ತಾರೆ.

ಶೆಡ್ಡು ಎದ್ದಿತು, ಗುದ್ದುವ ಮತ್ತು ಒತ್ತುವ ಯಂತ್ರಗಳು ಬಂದವು. ಮೊದಲ ಹಂಗಾಮಿನ ಹಪ್ಪಳ ಪೆರ್ಲದ ಅಂಗಡಿಗಳಲ್ಲೂ ಪುತ್ತೂರಿನ ಒಂದು ಅಂಗಡಿಯಲ್ಲೂ ಮಾರಾಟವಾಯಿತು. ಮಳೆಯಲ್ಲೂ ಒಣಗಿಸಲು ಬೇಕಾದ ಡ್ರೈಯರ್ ಎರಡನೇ ಕಂತಿನಲ್ಲಿ ಬರಬೇಕಿತ್ತು. ಅದಕ್ಕೆ ಮೊದಲು ಜಿಲ್ಲೆಯ ತಂಡ ಬಂದು ಘಟಕ ನಡೆಯುತ್ತಿರುವುದನ್ನು ಕಣ್ಣಾರೆ ನೋಡಬೇಕು. ನಡೆಯದಿದ್ದರೆ ಯಂತ್ರಗಳನ್ನು ಇನ್ನೊಂದು ವಾರ್ಡಿನ ಕೂಟಕ್ಕೆ ಕೊಡುತ್ತಾರೆ. ಅಲ್ಲಿನವರು ಅರ್ಜಿ ಹಾಕಿ ಕಾಯುತ್ತಲೇ ಇದ್ದರು.

ಎರಡನೇ ಹಂಗಾಮು ಜೋರಾಗಿ ನಡೆಯುತ್ತಿದ್ದಾಗ ಮೇಲಿನ ಮನೆಯ ಅಜ್ಜಿ ತೀರಿಕೊಂಡರು. ತರವಾಡಿನಲ್ಲಿ ಎಲ್ಲರಿಗಿಂತ ಹಿರಿಯರು. ಇಡೀ ತರವಾಡಿಗೆ ಸೂತಕ. ಬೊಜ್ಜ, ಅಂದರೆ ಕೊನೆಯ ಕ್ರಿಯೆ ಕಳೆಯುವ ತನಕ ನಮ್ಮಲ್ಲಿ ಯಾರೂ ಎಣ್ಣೆ ಕಾಯಿಸುವುದಿಲ್ಲ. ಹಪ್ಪಳ, ಬಜ್ಜಿಯಂಥ ಪೋಡಿ ಬಿಡಿ, ಸಾಂಬಾರಿಗೆ ಒಗ್ಗರಣೆ ಸಹ ಇಲ್ಲ. ಸತ್ತವರ ಮನೆಯಲ್ಲಿ ಎಣ್ಣೆಯ ಪರಿಮಳ ಏಳಬಾರದು. ಬೇರೆಯವರು ತಿನ್ನುವ ವಸ್ತುವನ್ನೂ ಕೈಯಲ್ಲಿ ಮಾಡಬಾರದು. ಒಂಬತ್ತು ಮಂದಿ ಒಟ್ಟಿಗೆ ಮನೆಯಲ್ಲಿ ಕೂತರು. ಶೆಡ್ಡಿಗೆ ಬೀಗ ಬಿತ್ತು. ಕೊಯ್ದಿಟ್ಟ ಹಲಸು ಹಣ್ಣಾಗತೊಡಗಿತು.

ಆ ವಾರವೇ ಪಂಚಾಯತಿನಿಂದ ಫೋನು ಬಂತು, ತಂಡ ಬರುತ್ತದೆ ಎಂದು. ಬೊಜ್ಜಕ್ಕೆ ಇನ್ನೂ ದಿನಗಳಿದ್ದವು. ನಮ್ಮ ಕಡೆ ಪಂಚಾಯತಿನ ವ್ಯವಹಾರವೆಲ್ಲ ಮಲಯಾಳದಲ್ಲಿ, ಅಕ್ಕನ ಮಲಯಾಳ ಅಷ್ಟಕ್ಕಷ್ಟೆ. ಫೋನು ನನ್ನ ಕೈಗೆ ಕೊಟ್ಟಳು. ಸೂತಕ ಎಂದೆ, ಗುಮಾಸ್ತರಿಗೆ ತಿಳಿಯಲಿಲ್ಲ. ಮಲಯಾಳದಲ್ಲಿ ಪುಲ ಎಂದೆ, ಕೂಡಲೇ ಅರ್ಥವಾಯಿತು. ಅವರದೂ ತಾಯಿಯ ಕಡೆಯ ವಂಶವೇ ಇರಬೇಕು, ದನಿ ಮೆತ್ತಗಾಯಿತು. ಆದರೆ ತಂಡ ಒಂದೇ ದಿನದಲ್ಲಿ ಹಲವು ಘಟಕಗಳನ್ನು ನೋಡಲಿದೆ, ದಿನ ಬದಲಿಸುವುದು ತನ್ನ ಕೈಯಲ್ಲಿಲ್ಲ, ಯಂತ್ರ ತಿರುಗಿಸಿ ತೋರಿಸಿದರೆ ಸಾಕು ಎಂದರು.

"ತಿರುಗಿಸಿದ್ರೆ ಸಾಕಾ?" ಅಕ್ಕ ಎರಡು ಸಲ ಕೇಳಿದಳು.

"ಸಾಕು ಅಂತ ಹೇಳಿದ್ದಾರೆ."

"ಅಜ್ಜಿ ಇರುವಾಗ ಮಾಡಿಟ್ಟ ಹಪ್ಪಳ ಉಂಟು. ಅದನ್ನು ತೋರಿಸ್ತೇವೆ. ಮಿಷನ್ ಕೆಳಗಿನವಳು ತಿರುಗಿಸ್ತಾಳೆ, ಅವಳಿಗೆ ಸೂತಕ ಇಲ್ಲವಲ್ಲ. ನಾನು ದೂರ ನಿಲ್ತೇನೆ."

ಉಳಿದವರು ಬರಲು ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಅಕ್ಕನಿಗೆ ಬೇಸರವೂ ಇರಲಿಲ್ಲ. ಅವಳೂ ಆ ನಿಯಮದ ಒಳಗಿನವಳೇ. ಹೊರಗಿನವನು ನಾನು. ಬದಿಯಡ್ಕದ ಹೋಟೆಲಿನಲ್ಲಿ ಆ ವಾರ ನಾನು ಗೋಳಿಬಜೆ ತಿಂದಿದ್ದೆ. ಯಾರೂ ಕೇಳಲಿಲ್ಲ. ಹೇಳಿದ್ದರೂ 'ಅವನದ್ದು ಬಿಡು' ಎನ್ನುತ್ತಿದ್ದರು.

ತಂಡದಲ್ಲಿ ಒಬ್ಬ ಹಿರಿಯ ಅಧಿಕಾರಿ, ಒಬ್ಬರು ಕಿರಿಯರು. ಜೊತೆಗೆ ನಮ್ಮ ವಾರ್ಡ್ ಮೆಂಬರ್. ಕೆಳಗಿನ ಮನೆಯವರು ಯಂತ್ರದ ಮುಂದೆ ನಿಂತಿದ್ದರು, ತಲೆಯ ಮೇಲೆ ಶಾಲು ಬಿಗಿಯಾಗಿ ಕಟ್ಟಿಕೊಂಡು. ಅಕ್ಕ ಬಾಗಿಲ ಹತ್ತಿರ. ಯಂತ್ರ ತಿರುಗಿತು. ಹಿರಿಯ ಅಧಿಕಾರಿ ಒಣಗಿದ ಹಪ್ಪಳವೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಒಳ್ಳೆಯ ಮನಸ್ಸಿನಿಂದಲೇ, ಇಷ್ಟು ದೂರ ಬಂದಿದ್ದೇವೆ, ಕಾಯಿಸಿ ಕೊಡುವುದಿಲ್ಲವೇ ಎಂದು ಮಲಯಾಳದಲ್ಲಿ ಕೇಳಿ ನಕ್ಕರು. ಮೆಂಬರೂ ನಕ್ಕರು. ಮೂಲೆಯಲ್ಲಿ ಗ್ಯಾಸ್ ಒಲೆ, ಬಾಣಲೆ, ಎಣ್ಣೆ ಎಲ್ಲವೂ ಇದ್ದವು.

ಇಲ್ಲಿಂದ ಮುಂದೆ ನನ್ನ ನೆನಪು ತುಂಡುತುಂಡು. ಕಿರಿಯ ಅಧಿಕಾರಿ ನನ್ನನ್ನು ಹಿಂದಿನ ಬಾಗಿಲಿಗೆ ಕರೆದು, ಮಳೆಗಾಲದಲ್ಲಿ ಎಲ್ಲಿ ಒಣಗಿಸುತ್ತೀರಿ ಎಂದು ಕೇಳಿದರು. ನಾನು ಡ್ರೈಯರಿನ ವಿಷಯ ಹೇಳುತ್ತಿದ್ದೆ. ಬೆನ್ನ ಹಿಂದೆ ಎಣ್ಣೆಯ ಸದ್ದು ಕೇಳಿತು, ತೆಂಗಿನೆಣ್ಣೆಯ ಪರಿಮಳ ಬಂತು. ತಿರುಗಿದೆ. ಇಬ್ಬರು ಹೆಂಗಸರು ಒಲೆಯ ಮುಂದೆ, ನನಗೆ ಬೆನ್ನು ಹಾಕಿ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಒಂದು ಕೈ ಮುಂದೆ ಬಂತು, ಬೆರಳ ತುದಿಯಿಂದ ಹಪ್ಪಳ ಜಾರಿತು. ಆ ಕೈಯಲ್ಲಿ ಅಕ್ಕನ ಗಾಜಿನ ಬಳೆಗಳಿದ್ದವೋ, ಕೆಳಗಿನ ಮನೆಯವರ ರವಕೆಯ ಉದ್ದ ತೋಳಿತ್ತೋ ಎಂದು ನೋಡಲು ಹೋದರೆ ಚಿತ್ರ ಅಲ್ಲಿಗೇ ನಿಲ್ಲುತ್ತದೆ.

ಮೊದಲ ಕೆಲವು ದಿನ ನನಗೆ ಅದು ಕೆಳಗಿನ ಮನೆಯವರ ಕೈ ಎಂದೇ ಅನಿಸಿತ್ತು. ಅನಿಸಿತ್ತು ಎಂದರೂ ತಪ್ಪು. ನಾನು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ತಂಡ ಸಂತೋಷದಿಂದ ಹೋಯಿತು. ಎರಡನೇ ಕಂತು ಖಂಡಿತ ಎಂದು ಮೆಂಬರ್ ಹೇಳಿದರು. ಅವರು ಹೊರಡುವ ಮುಂಚೆ ಮೊಬೈಲಿನಲ್ಲಿ ತೆಗೆದ ಫೋಟೋವನ್ನು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಅದರಲ್ಲಿ ಅಕ್ಕ ಕಾಯಿಸಿದ ಹಪ್ಪಳದ ತಟ್ಟೆ ಹಿಡಿದು ಅಧಿಕಾರಿಯ ಪಕ್ಕ ನಿಂತಿದ್ದಾಳೆ. ಕೆಳಗಿನ ಮನೆಯವರು ಫೋಟೋಕ್ಕೆ ನಿಲ್ಲುವವರಲ್ಲ, ಬದಿಗೆ ಸರಿದಿದ್ದರು. ಆ ಫೋಟೋ ನೋಡಿದ ಮೇಲೆ ನನ್ನ ನೆನಪಿನ ಕೈಗೆ ಬಳೆ ಬಂತು. ಮೊದಲೇ ಇತ್ತೋ, ಫೋಟೋದಿಂದ ಬಂದು ಸೇರಿತೋ ನನಗೆ ಗೊತ್ತಿಲ್ಲ.

ಫೋಟೋವನ್ನು ಊರೆಲ್ಲ ನೋಡಿತು. ಬೊಜ್ಜ ಕಳೆಯುವ ಮೊದಲೇ ಮಾತು ಶುರುವಾಗಿತ್ತು. ಅಜ್ಜಿಯ ಬೂದಿ ಆರಿಲ್ಲ, ಇವಳು ಎಣ್ಣೆ ಕಾಯಿಸಿ ಆಫೀಸರಿಗೆ ತಿನಿಸಿದಳು ಎಂದು. ಜೋರಾಗಿ ಹೇಳಿದವರು ಹೊರಗಿನವರಲ್ಲ, ಅದೇ ಕೂಟದ ಒಂದಿಬ್ಬರು. ಅಕ್ಕ ಯಾರಿಗೂ ಉತ್ತರ ಕೊಡಲಿಲ್ಲ. ಕೆಳಗಿನ ಮನೆಯವರೇ ತರವಾಡು ಮನೆಯ ಅಂಗಳಕ್ಕೆ ಹೋಗಿ ಯಜಮಾನರ ಎದುರು, ಕಾಯಿಸಿದ್ದು ತಾನು, ಅವಳು ತಟ್ಟೆ ಹಿಡಿದದ್ದು ಮಾತ್ರ ಎಂದು ಹೇಳಿ ಬಂದರು. ಅವರಿಗೆ ಕುರ್ಚಿ ಹಾಕಿ ಎಳನೀರು ಕೊಟ್ಟರಂತೆ. ಅವರು ಹೋದ ಮೇಲೆ, ಸ್ನೇಹಕ್ಕೆ ಹೇಳುತ್ತಾಳೆ ಪಾಪ ಎಂದರಂತೆ.

ಯಜಮಾನರು ನನ್ನ ಸೋದರಮಾವ. ಕೆಟ್ಟವರಲ್ಲ. ಘಟಕಕ್ಕೆ ಜಾಗ ಬಿಟ್ಟುಕೊಡುವಾಗ ತಕರಾರು ಎತ್ತಿದವರನ್ನು ಗದರಿಸಿ ಕೂರಿಸಿದವರು ಅವರೇ. ತರವಾಡಿನ ದೈವಕ್ಕೆ ವರ್ಷದ ತಂಬಿಲ ಸೇವೆ ಹತ್ತಿರ ಬಂದಿತ್ತು. ಅದಕ್ಕೆ ಮೊದಲು ಈ ಮಾತು ಮುಗಿಸಬೇಕೆಂದು ನನ್ನನ್ನು ಕರೆಸಿದರು. ಚಾವಡಿಯಲ್ಲಿ ಅವರೊಬ್ಬರೇ, ವೀಳ್ಯದ ಬಟ್ಟಲು ಮುಂದಿಟ್ಟುಕೊಂಡು.

"ನೀನು ಅಲ್ಲಿ ಇದ್ದಿ ಅಲ್ವಾ?"

"ಇದ್ದೆ ಮಾವ."

"ಹಾಗಾದ್ರೆ ಮುಗೀತು. ಅವಳು ಕಾಯಿಸ್ಲಿಲ್ಲ ಅಂತ ಒಂದು ಮಾತು ಹೇಳು. ತಂಬಿಲದ ದಿನ ನಾನು ಎಲ್ಲರ ಎದುರು ಹೇಳ್ತೇನೆ. ನೀನು ಹೇಳಿದ್ರೆ ಯಾರೂ ಬಾಯಿ ಬಿಡುದಿಲ್ಲ. ಮದುವೆಗೆ ಹೋಗಿ, ಪಾಯಸ ಸೀದಿದೆ ಅಂತ ಮದುಮಗಳ ಅಪ್ಪನ ಹತ್ರವೇ ಹೇಳಿದ ಜನ ನೀನು. ನಿಂಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಅಂತ ಎಲ್ಲರಿಗೂ ಗೊತ್ತುಂಟು."

ಅವರು ಕೇಳುತ್ತಿದ್ದುದು ಒಂದು ಉಪಕಾರ. ನನಗದು ಗೊತ್ತಾಗಲಿಲ್ಲ ಎಂದೇನಲ್ಲ. ಇಲ್ಲ ಮಾವ, ಅವಳು ಮುಟ್ಟಲಿಲ್ಲ ಎಂದು ಹೇಳಿದ್ದರೆ ಎದ್ದು ಚಹಾ ಕುಡಿದು ಬರುತ್ತಿದ್ದೆ. ಅದು ಸುಳ್ಳಾಗಿರುತ್ತಿತ್ತೇ ಎಂಬುದೂ ನನಗೆ ಗೊತ್ತಿರಲಿಲ್ಲ.

"ನೋಡಿದ್ದು ಹೌದು ಮಾವ. ಆದ್ರೆ ಬಿಟ್ಟದ್ದು ಯಾರು ಅಂತ ಖಂಡಿತವಾಗಿ ಹೇಳ್ಲಿಕ್ಕೆ ಆಗುದಿಲ್ಲ."

ಅವರ ಬಾಯಿಯಲ್ಲಿ ಎಲೆ ಜಗಿಯುವುದು ನಿಂತಿತು. "ಆಗುದಿಲ್ಲ ಅಂದ್ರೆ?"

"ನೆನಪು ಸರಿ ಇಲ್ಲ."

"ಮೊನ್ನೆ ಮೊನ್ನೆಯ ಸಂಗತಿ ಮಾರಾಯ. ನಾನು ಹುಡುಗನಾಗಿದ್ದಾಗ ನೋಡಿದ ದೈವದ ಕೋಲದ್ದು ಕೇಳು, ಯಾರು ಎಲ್ಲಿ ನಿಂತಿದ್ರು ಅಂತ ಹೇಳ್ತೇನೆ. ನಿಂಗೆ ಎಂತ, ಅರಳುಮರಳಾ?"

"ಹಾಗಲ್ಲ ಮಾವ. ಫೋಟೋ ನೋಡಿದ ಮೇಲೆ ನೆನಪು ಅದಕ್ಕೆ ಹೊಂದಿಕೊಳ್ತದೆ. ಮೊದಲು ನೋಡಿದ್ದು ಯಾವುದು, ಮತ್ತೆ ಸೇರಿದ್ದು ಯಾವುದು ಅಂತ ಗೊತ್ತಾಗುದಿಲ್ಲ. ಎಲ್ಲರಿಗೂ ಹಾಗೆಯೇ. ನಿಮಗೂ."

ಇದನ್ನು ಹೇಳುವಾಗ ನನ್ನ ದನಿ ಪಾಠ ಮಾಡುವ ದನಿಯಾಗಿತ್ತೆಂದು ನನಗೇ ಕೇಳಿಸಿತು. ಮಾವ ವೀಳ್ಯದ ಬಟ್ಟಲನ್ನು ಬದಿಗೆ ಸರಿಸಿದರು.

"ಆಯ್ತು. ಗೊತ್ತಾಯ್ತು."

"ಎಂತ ಗೊತ್ತಾಯ್ತು ಮಾವ?"

"ಸುಳ್ಳು ಹೇಳ್ಲಿಕ್ಕೆ ನಿಂಗೆ ಮನಸ್ಸಿಲ್ಲ. ಅಕ್ಕನನ್ನು ಬಿಟ್ಟುಕೊಡ್ಲಿಕ್ಕೂ ಮನಸ್ಸಿಲ್ಲ. ಸಾಕು, ಹೋಗು."

"ನಾನು ಹಾಗೆ ಹೇಳ್ಲಿಲ್ಲ. ಗೊತ್ತಿಲ್ಲ ಅಂತ ಹೇಳಿದ್ದು."

"ಅವಳು ಕಾಯಿಸದಿದ್ರೆ ಇಲ್ಲ ಅಂತ ಹೇಳ್ತಿದ್ದಿ ನೀನು."

ನಾನು ಆಗ ಇನ್ನೊಂದು ಮಾತು ಸೇರಿಸಿದೆ. ಕಾಯಿಸಿದ್ದರೂ ಏನಾಯಿತು, ಅಜ್ಜಿ ಇದ್ದಿದ್ದರೆ ತಾವೇ ಕಾಯಿಸುತ್ತಿದ್ದರು ಎಂದೆ. ಮಾವ ಕೈ ಎತ್ತಿದರು. "ಅದೊಂದನ್ನು ಹೊರಗೆ ಹೋಗಿ ಹೇಳ್ಬೇಡ ದಮ್ಮಯ್ಯ." ವಿಶ್ವವಿದ್ಯಾಲಯದಲ್ಲಿ ಗೊತ್ತಿಲ್ಲ ಎನ್ನುವುದನ್ನು ಒಂದು ಸ್ಥಾನವೆಂದು ಕಲಿತಿದ್ದೆ, ಅಲ್ಲಿ ನಿಂತು ವಾದ ಮಾಡಬಹುದು ಎಂದು. ನಮ್ಮ ಚಾವಡಿಯಲ್ಲಿ ಅದಕ್ಕೆ ಕೂರಲು ಮಣೆ ಇಲ್ಲ.

ಮಾವ ತೀರ್ಮಾನವನ್ನು ಆದಷ್ಟು ಹಗುರ ಮಾಡಿದರು. ಅಕ್ಕ ದೈವದ ಎದುರು ತಪ್ಪುಕಾಣಿಕೆ ಇಟ್ಟು ಕೈಮುಗಿದರೆ ಮುಗಿಯಿತು, ಮತ್ತೆ ಯಾರೂ ಮಾತೆತ್ತುವಂತಿಲ್ಲ. ಅಕ್ಕ ಒಪ್ಪಲಿಲ್ಲ.

"ಇಟ್ರೆ ನಾನು ಮಾಡಿದ್ದು ಅಂತ ಆಗ್ತದೆ," ಎಂದಳು.

ಅವಳು ಇಡುವ ತನಕ ತಾವು ಶೆಡ್ಡಿಗೆ ಬರುವುದಿಲ್ಲ ಎಂದು ಉಳಿದವರು ಹೇಳಿದರು. ಸೂತಕ ಮುರಿದವಳ ಜೊತೆ ಕೈ ಹಾಕಿದರೆ ತಮ್ಮ ಮಕ್ಕಳಿಗೆ ಏನಾದೀತೋ ಎಂಬ ಹೆದರಿಕೆ. ಅದು ನಿಜವಾದ ಹೆದರಿಕೆ, ನೆಪವಲ್ಲ. ಬೇರೆ ಬೇರೆ ತರವಾಡಿನವರು ಇದ್ದಿದ್ದರೆ ಅರ್ಧ ಮಂದಿಯಾದರೂ ಬರುತ್ತಿದ್ದರು. ಬೊಜ್ಜ ಕಳೆದು ಶೆಡ್ಡು ತೆರೆದ ಮೇಲೆ ಬರುತ್ತಿದ್ದವರು ಇಬ್ಬರೇ, ಅಕ್ಕ ಮತ್ತು ಕೆಳಗಿನ ಮನೆಯವರು. ಇಬ್ಬರೂ ಬೆಳಿಗ್ಗೆ ಬೀಗ ತೆಗೆದು, ಸೊಳೆ ಬಿಡಿಸಿ, ಸಾಧ್ಯವಾದಷ್ಟು ಮಾಡಿ ಸಂಜೆ ಬೀಗ ಹಾಕುತ್ತಿದ್ದರು. ಉಳಿದ ಹಲಸು ಮರದಲ್ಲೇ ಹಣ್ಣಾಗಿ ಬಿದ್ದು ಗುಡ್ಡವೆಲ್ಲ ಹುಳಿ ವಾಸನೆ. ನಾನು ಎರಡು ಭಾನುವಾರ ಸಹಾಯಕ್ಕೆ ಹೋದೆ. ಕೈಗೆ ಹಲಸಿನ ಅಂಟು ಮೇಣ ಮೆತ್ತಿಸಿಕೊಂಡು ಅವರ ಕೆಲಸವನ್ನೇ ಹೆಚ್ಚು ಮಾಡಿದೆ.

"ಓದಿದವರ ಕೈಗೆ ಮೇಣ ಜಾಸ್ತಿ ಅಂಟ್ತದೆ," ಎಂದು ಕೆಳಗಿನ ಮನೆಯವರು ಎಣ್ಣೆಯ ತಟ್ಟೆ ನನ್ನ ಕಡೆ ನೂಕಿದರು.

ಅಕ್ಕ ನಗಲಿಲ್ಲ. ನಾನು ಮಾವನ ಹತ್ತಿರ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಅವಳು ನನ್ನನ್ನು ಬೈದಿದ್ದರೆ ಆಗುತ್ತಿತ್ತು.

ಎರಡನೇ ಕಂತು ಮಂಜೂರಾಗಿದೆಯೆಂದು ಸುದ್ದಿ ಬಂತು. ಆದರೆ ಅದನ್ನು ಪಡೆಯಲು ಹತ್ತೂ ಮಂದಿ ಪಂಚಾಯತಿಗೆ ಒಟ್ಟಿಗೆ ಬರಬೇಕಿತ್ತು. ಮೆಂಬರ್ ಬಂದು ಅಂಗಳದಲ್ಲಿ ನಿಂತೇ ಮಾತಾಡಿದರು. "ನಿಮ್ಮ ಒಳಗಿನದ್ದು ನೀವು ಸರಿ ಮಾಡ್ಕೊಳ್ಳಿ ಅಕ್ಕ. ಇಲ್ಲಾಂದ್ರೆ ಮಳೆ ಬರುವ ಮೊದಲು ಮಿಷನ್ ಶಿಫ್ಟ್ ಮಾಡ್ಲೇಬೇಕು. ನಂಗೆ ಮೇಲಿನಿಂದ ಕೇಳ್ತಾರೆ."

ಆ ವಾರ ನಾನು ಬದಿಯಡ್ಕದಲ್ಲಿದ್ದೆ. ಅಕ್ಕ ತಪ್ಪುಕಾಣಿಕೆ ಇಟ್ಟದ್ದನ್ನು ಅಮ್ಮ ಫೋನಿನಲ್ಲಿ ಹೇಳಿದರು. ತಂಬಿಲದ ದಿನ, ಎಲ್ಲರ ಎದುರು. ಯಾರೂ ಏನೂ ಕೇಳಲಿಲ್ಲವಂತೆ, ಅವಳೂ ಏನೂ ಹೇಳಲಿಲ್ಲವಂತೆ. ಹತ್ತೂ ಮಂದಿ ಪಂಚಾಯತಿಗೆ ಹೋಗಿ ಬಂದರು. ಮರುದಿನದಿಂದ ಶೆಡ್ಡಿನಲ್ಲಿ ಮಾತು, ನಗು, ಯಂತ್ರದ ಸದ್ದು. ಮಿಷನ್ ಬಂದ್ರೆ ನಾವು ಎಂತ ಮಾಡುದು ಎಂದಿದ್ದ ಚಿಕ್ಕಮ್ಮನೇ ಎಲ್ಲರಿಗಿಂತ ಮೊದಲು ಬಂದು ಕೂತರಂತೆ.

ಶನಿವಾರ ನಾನು ಊರಿಗೆ ಬಂದಾಗ ಕೆಳಗಿನ ಮನೆಯವರು ಶೆಡ್ಡಿನಲ್ಲಿ ಇರಲಿಲ್ಲ. ಪಂಚಾಯತಿಗೆ ಬಂದವರು ಮತ್ತೆ ಕೆಲಸಕ್ಕೆ ಬಂದಿಲ್ಲ, ಹುಷಾರಿಲ್ಲವೇನೋ ಎಂದು ಯಾರೋ ಹೇಳಿದರು. ನಾನು ಇಳಿದು ಹೋದೆ. ಹುಷಾರಾಗಿಯೇ ಇದ್ದರು. ಬಟ್ಟೆ ಒಣಗಿಸುತ್ತಿದ್ದರು.

"ನೀನಾ? ಕೂತ್ಕೊ. ಎಂತ, ಕರೀಲಿಕ್ಕೆ ಕಳಿಸಿದ್ರಾ?"

"ಇಲ್ಲ, ನಾನೇ ಬಂದದ್ದು."

"ನಾನು ಅಂಗಳಕ್ಕೆ ಹೋಗಿ ಹೇಳಿ ಬಂದೆ, ನಾನು ಕಾಯಿಸಿದ್ದು ಅಂತ. ಈ ಪ್ರಾಯದಲ್ಲಿ ನಿಮ್ಮ ಯಜಮಾನರ ಎದುರು ಹೋಗಿ ನಿಂತು ಹೇಳಿದೆ. ಈಗ ಅವಳು ಕಾಣಿಕೆ ಇಟ್ಟಳು. ಅಂದ್ರೆ ನಾನು ಸುಳ್ಳು ಹೇಳಿದ್ದು ಅಂತ ಆಯ್ತಲ್ಲ?" ಅವರು ಬಕೆಟ್ಟಿನ ನೀರು ತೆಂಗಿನ ಬುಡಕ್ಕೆ ಚೆಲ್ಲಿದರು. "ಅವಳ ಮೇಲೆ ಸಿಟ್ಟು ಇಲ್ಲ. ಅವಳಿಗೆ ಮಿಷನ್ ಬೇಕು. ಆದ್ರೆ ನಂಗೆ ಅಲ್ಲಿ ಕೂತು ಉಂಡೆ ಕಟ್ಲಿಕ್ಕೆ ಮನಸ್ಸು ಬರುದಿಲ್ಲ ಮಾರಾಯ. ಎಲ್ಲ ನನ್ನ ಮುಖ ನೋಡ್ತಾರೆ." ಬಕೆಟ್ಟು ಕೆಳಗಿಟ್ಟು, "ನೀನು ಇದ್ದಿ ಅಲ್ವಾ ಅಲ್ಲಿ? ನೋಡಿದ್ದಿ ಅಲ್ವಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ, "ಬಿಡು, ನಿಂಗೆ ನೆನಪಿಲ್ಲ," ಎಂದು ಒಳಗೆ ಹೋದರು. ಅದರಲ್ಲಿ ಕುಹಕವಿರಲಿಲ್ಲ.

ಮೇಲೆ ಬಂದು ಅಕ್ಕನನ್ನು ಶೆಡ್ಡಿನ ಹೊರಗೆ ಕರೆದೆ. ಅವರು ಇನ್ನು ಬರುವುದಿಲ್ಲವಂತೆ ಎಂದೆ. ಅವಳ ಕೈಯಲ್ಲಿ ಹಪ್ಪಳದ ಹಿಟ್ಟು ಮೆತ್ತಿತ್ತು. ಒಳಗೆ ಯಂತ್ರ ಓಡುತ್ತಿತ್ತು. ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ.

"ಕೇಳ್ತು," ಎಂದಳು.

ಅಷ್ಟು ದಿನ ಕೇಳಲಾರದ್ದನ್ನು ಆಗ ಕೇಳಿದೆ. "ಅಕ್ಕ, ನಿಜವಾಗಿ ಯಾರು ಕಾಯಿಸಿದ್ದು?"

ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲು ಹೋದರೆ ನಾನು ಏನಾದರೂ ಸೇರಿಸಿಬಿಡುತ್ತೇನೆ. ಹೇಳಿದ್ದು ಇಷ್ಟು. "ಅವಳೇ. ನಾನು ಮುಟ್ಟಲಿಲ್ಲ. ಒಲೆಯ ಹತ್ರ ಬರಬೇಡ ಅಂತ ನನ್ನನ್ನು ಭುಜದಲ್ಲಿ ನೂಕಿದಳು. ಮತ್ತೆ ತಟ್ಟೆ ಮಾತ್ರ ನನ್ನ ಕೈಗೆ ಕೊಟ್ಟದ್ದು."

"ಮತ್ತೆ ಯಾಕೆ ಇಟ್ಟದ್ದು ಕಾಣಿಕೆ?"

"ಇಲ್ಲ ಅಂತ ಹೇಳ್ಲಿಕ್ಕೆ ಯಾರೂ ಇರ್ಲಿಲ್ಲ ಅಲ್ವಾ."

ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರನ್ನು ನಾನು ನೋಡಿದ್ದೆ. ಅದು ನೂಕುವುದಾಗಿತ್ತು ಎಂದು ನನಗೆ ಹೊಳೆದೇ ಇರಲಿಲ್ಲ. ಈಗ ಅವಳು ಹೇಳಿದ ಮೇಲೆ ಆ ನೂಕು ನನ್ನ ನೆನಪಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಅದನ್ನೂ ನಂಬಲು ಭಯ. ಅವಳ ಮಾತನ್ನು ನಂಬುತ್ತೇನೆ, ನನ್ನ ಕಣ್ಣನ್ನಲ್ಲ.

ಮಾವನ ಹತ್ತಿರ ಹೋಗಿ ಹೇಳುತ್ತೇನೆ ಎಂದೆ. ಬೇಡ, ಈಗ ಹೇಳಿದರೆ ಸುಳ್ಳು ಹೇಳಿ ದೈವದ ಎದುರು ಕಾಣಿಕೆ ಇಟ್ಟಳು ಎಂದು ಇನ್ನೊಂದು ಶುರುವಾಗುತ್ತದೆ ಎಂದಳು. ಅದೂ ನಿಜವೇ. ಅವಳು ಕೈ ತೊಳೆದು, ಸೀರೆಯ ಸೆರಗಿಗೆ ಒರೆಸಿಕೊಂಡು ಕೆಳಗಿನ ಮನೆಯ ದಾರಿ ಹಿಡಿದಳು. ನಾನು ಹಿಂದೆ ಹೋಗಲು ನೋಡಿದೆ. ತಿರುಗಿ ಕೈಸನ್ನೆ ಮಾಡಿ ಅಲ್ಲೇ ನಿಲ್ಲಲು ಹೇಳಿದಳು.

ಶೆಡ್ಡಿನ ಬದಿಯಿಂದ ಕೆಳಗಿನ ಅಂಗಳ ಕಾಣುತ್ತದೆ. ಇಬ್ಬರೂ ಬಟ್ಟೆಯ ಹಗ್ಗದ ಆಚೆ ಈಚೆ ನಿಂತು ಮಾತಾಡಿದರು. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಕೆಳಗಿನ ಮನೆಯವರು ಒಮ್ಮೆ ಅಕ್ಕನ ತೋಳು ಹಿಡಿದರು. ಆಮೇಲೆ ಒಳಗಿನಿಂದ ಏನೋ ತಂದು ಕೊಟ್ಟರು, ಅಕ್ಕ ಅಲ್ಲೇ ನಿಂತು ಕುಡಿದಳು. ಚಹಾ ಇರಬೇಕು. ಲೋಟ ಹಿಂದೆ ಕೊಟ್ಟು ಅವಳು ಒಬ್ಬಳೇ ಮೇಲೆ ಬಂದಳು.

"ಬರ್ತಾರಂತಾ?"

ಅವಳು ನನ್ನನ್ನು ದಾಟಿ ಒಳಗೆ ಹೋದಳು. ಬಾಗಿಲಲ್ಲೇ ನಿಂತು ಚಿಕ್ಕಮ್ಮನನ್ನು ಕರೆದು, ನಿಮ್ಮ ಮಗಳು ಮನೆಯಲ್ಲೇ ಇದ್ದಾಳಾ, ನಾಳೆಯಿಂದ ಕಳಿಸುತ್ತೀರಾ, ಹತ್ತು ಜನ ಬೇಕು ಎಂದು ಕೇಳಿದಳು. ಚಿಕ್ಕಮ್ಮನ ಮಗಳೆಂದರೆ ಅವಳೂ ನಮ್ಮ ತರವಾಡಿನವಳೇ. ಇನ್ನು ಹತ್ತರಲ್ಲಿ ಹತ್ತೂ ಹೆಸರು ಒಂದೇ ತರವಾಡಿನವು.